ಹಂಡೆಗೆ ಹಬ್ಬ ಉಂಟು, ಗೀಸರಿಗೆ ಯಾಕಿಲ್ಲ?

ತುಮಕೂರು: ಮಾಗಿ ಚಳಿ ಬಿತ್ತೆಂದರೆ ಊರಿನ ರಿಪೇರಿ ಅಂಗಡಿಗಳ ಮುಂದೆ ಒಂದು ಮೆರವಣಿಗೆ ಶುರು. ಸ್ಕೂಟರಿನ ಮುಂಭಾಗದಲ್ಲಿ, ಆಟೋದ ಹಿಂದುಗಡೆ, ಒಮ್ಮೊಮ್ಮೆ ಆಳಿನ ಹೆಗಲ ಮೇಲೆ ಗೀಸರುಗಳು ಬರುತ್ತವೆ. ಕೆಲವು ಸೋರುತ್ತವೆ, ಕೆಲವು ಕಾಯುವುದಿಲ್ಲ, ಇನ್ನು ಕೆಲವು ಮುಟ್ಟಿದರೆ ಜುಂ ಅನ್ನುತ್ತವೆ. ಮೆಕ್ಯಾನಿಕ್ಕು ಮುಚ್ಚಳ ಬಿಚ್ಚಿ ಬಗ್ಗಿಸಿದರೆ ಸುಣ್ಣದ ಚೂರುಗಳು ಹಿಡಿ ಹಿಡಿಯಾಗಿ ಉದುರುತ್ತವೆ. ಕೊಂಡು ಮೂರು ವರ್ಷವಾಗಿರುವುದಿಲ್ಲ. “ಕಂಪನಿಯೇ ಸರಿಯಿಲ್ಲ ಬಿಡಿ” ಎಂದು ಯಜಮಾನರು ಶಾಪ ಹಾಕಿ ಹೊಸದನ್ನು ಕೊಳ್ಳಲು ಹೊರಡುತ್ತಾರೆ.

ಕಂಪನಿಯದು ತಪ್ಪಿರಬಹುದು, ಇಲ್ಲದಿರಬಹುದು. ಆದರೆ ಒಂದು ಪ್ರಶ್ನೆ. ಆ ಗೀಸರಿನ ಹೊಟ್ಟೆಯನ್ನು ಕೊಂಡ ದಿನದಿಂದ ಇಂದಿನವರೆಗೆ ಯಾರಾದರೂ ಒಮ್ಮೆ ತೊಳೆದಿದ್ದಾರೆಯೇ?

ಅಜ್ಜಿ ಕಾಲದ ತಾಮ್ರದ ಹಂಡೆಯನ್ನು ನೆನೆಸಿಕೊಳ್ಳಿ. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅವತ್ತು ಹಂಡೆ ಕೆಳಗಿಳಿಯಲೇಬೇಕು. ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿ, ವರ್ಷದ ಮಸಿ ಕೆರೆದು, ಒಲೆಯ ಬೂದಿ ಬಳಿದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ಗಂಗೆ ಪೂಜೆ ಆಯಿತು, ಸರ್ವೀಸೂ ಆಯಿತು! ಹುಣಸೆ ಹುಳಿ ಒಳಗಿನ ಸುಣ್ಣವನ್ನು ಕರಗಿಸುತ್ತದೆ, ಮಸಿ ಹೋದರೆ ಬೆಂಕಿಯ ಕಾವು ಲೋಹಕ್ಕೆ ನೇರವಾಗಿ ತಾಗುತ್ತದೆ. ಈ ವಿಜ್ಞಾನವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಬ್ಬ ಮಾಡಿದರು, ಅಷ್ಟೇ. ಹಂಡೆ ಹೋಗಿ ಗೋಡೆಗೆ ಗೀಸರು ಬಂದಾಗ ಹಬ್ಬ ಉಳಿಯಿತು, ತೊಳೆಯುವುದು ನಿಂತುಹೋಯಿತು. ಈಗ ಪ್ಲಾಸ್ಟಿಕ್ ಬಕೆಟ್ಟಿಗೆ ಕುಂಕುಮ ಇಟ್ಟು ಕೈಮುಗಿಯುತ್ತಾರೆ. ಗೀಸರು ಮೇಲಿಂದ ನೋಡುತ್ತಿರುತ್ತದೆ.

ಒಂದು ಬಕೆಟ್ಟಿನ ಲೆಕ್ಕ

ಯಾವುದರಲ್ಲಿ ನೀರು ಕಾಯಿಸಿದರೆ ಲಾಭ? ಬಸ್ಸಿನಲ್ಲಿ ಈ ಮಾತು ಎತ್ತಿ ನೋಡಿ, ಕ್ಯಾತ್ಸಂದ್ರದಲ್ಲಿ ಶುರುವಾದ ಜಗಳ ನೆಲಮಂಗಲ ದಾಟಿದರೂ ಮುಗಿಯುವುದಿಲ್ಲ. ಒಬ್ಬರಿಗೆ ಗ್ಯಾಸೇ ಅಗ್ಗ, ಇನ್ನೊಬ್ಬರಿಗೆ ರಾಡೇ ದೇವರು.

ಲೆಕ್ಕ ಕಷ್ಟವೇನಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು ಸುಮಾರು 20 ಡಿಗ್ರಿ ಇರುತ್ತದೆ. ಸ್ನಾನಕ್ಕೆ 42 ಡಿಗ್ರಿ ಹಿತ. ಇಷ್ಟು ಕಾಯಿಸಲು ಬೇಕಾದ ಕಾವು ಅರ್ಧ ಯೂನಿಟ್ ಕರೆಂಟಿಗೆ ಸಮ. ಯಾವ ಕಂಪನಿಯ ಗೀಸರಾಗಲಿ, ಎಷ್ಟೇ ಬೆಲೆಯದಾಗಲಿ, ಇದಕ್ಕಿಂತ ಕಡಿಮೆ ಕರೆಂಟಿನಲ್ಲಿ ಕಾಯಿಲ್ ಇದನ್ನು ಕಾಯಿಸಿಕೊಡಲಾರದು. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೆ ಬಕೆಟ್ಟಿಗೆ ಮೂರು ರೂಪಾಯಿ. ಮನೆಯಲ್ಲಿ ನಾಲ್ಕು ಜನ, ತಲೆಗೊಂದು ಬಕೆಟ್ ಎಂದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಷವರ್ ಬಿಟ್ಟುಕೊಂಡು ಹಾಡು ಹೇಳುವ ಮಗ ಮನೆಯಲ್ಲಿದ್ದರೆ ಅದು ನೂರಿಪ್ಪತ್ತೂ ಆದೀತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಅರವತ್ತು ಯೂನಿಟ್ಟಿಗೆ ಬೇರೆಯೇ ಬೆಲೆ ಬಂದಿದೆ. ಪ್ರತಿ ಮನೆಗೂ ಹಳೆಯ ಬಳಕೆ ನೋಡಿ ಒಂದು ಮಿತಿ ಕಟ್ಟಿದ್ದಾರೆ. ಅದನ್ನು ಮೀರಿದರೆ ಹೆಚ್ಚಾದ ಯೂನಿಟ್ಟಿನ ದುಡ್ಡು ಕೊಡಬೇಕು, 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕೈಗೆ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಬೆಸ್ಕಾಂ ಕೌಂಟರಿನ ಮುಂದೆ “ಹೋದ ತಿಂಗಳು ಸೊನ್ನೆ ಇತ್ತಲ್ಲ ಸ್ವಾಮಿ, ಈ ಸಲ ಯಾಕೆ ಹಿಂಗೆ?” ಎನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಬಚ್ಚಲು.

ಗ್ಯಾಸ್ ಗೀಸರು ಅಗ್ಗ ಎನ್ನುವುದು ಹಳೆಯ ಮಾತು. ಒಂದು ಕೆಜಿ ಗ್ಯಾಸು ಉರಿದರೆ ನೀರಿಗೆ ಸೇರುವ ಕಾವು ಸುಮಾರು ಹತ್ತು ಯೂನಿಟ್ ಕರೆಂಟಿನಷ್ಟು. ಸಿಲಿಂಡರಿನಲ್ಲಿರುವುದು 14.2 ಕೆಜಿ. ಸಿಲಿಂಡರಿನ ಬೆಲೆ ಒಂಬೈನೂರರ ಆಸುಪಾಸಿನಲ್ಲಿದ್ದರೆ ಭಾಗಿಸಿ ನೋಡಿ, ಅದೂ ಯೂನಿಟ್ಟಿಗೆ ಆರು ರೂಪಾಯಿಗೇ ಬಂದು ನಿಲ್ಲುತ್ತದೆ. ಉಳಿತಾಯ ಅಷ್ಟಕ್ಕಷ್ಟೇ, ಅಪಾಯ ಮಾತ್ರ ದೊಡ್ಡದು. ಅದು ಮುಂದೆ ಬರುತ್ತದೆ.

ನಕ್ಷತ್ರ ಎಣಿಸುವುದು ಯಾಕೆ?

ಅಂಗಡಿಯಲ್ಲಿ ಗೀಸರಿನ ಮೈಮೇಲೆ ಅಂಟಿಸಿರುವ ಐದು ನಕ್ಷತ್ರ ನೋಡಿ ಜನ ಮರುಳಾಗುತ್ತಾರೆ. ನಕ್ಷತ್ರ ಹೆಚ್ಚಿದ್ದರೆ ಬೇಗ ಕಾಯುತ್ತದೆ, ಕಡಿಮೆ ಕರೆಂಟು ತಿನ್ನುತ್ತದೆ ಎಂಬ ನಂಬಿಕೆ. ಹಾಗಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಕೊಡುವ ಈ ನಕ್ಷತ್ರ ಅಳೆಯುವುದು ಒಂದೇ ಸಂಗತಿಯನ್ನು. ಕಾದ ನೀರನ್ನು ಬಳಸದೆ ಹಾಗೇ ಬಿಟ್ಟರೆ ಇಪ್ಪತ್ನಾಲ್ಕು ಗಂಟೆಯಲ್ಲಿ ಎಷ್ಟು ಕಾವು ಸೋರಿ ಹೋಗುತ್ತದೆ ಎಂಬುದನ್ನು. ಅಂದರೆ ಒಳಗಿನ ಟ್ಯಾಂಕಿಗೆ ಹೊದಿಸಿದ ಕಂಬಳಿ ಎಷ್ಟು ದಪ್ಪ ಎನ್ನುವ ಪರೀಕ್ಷೆ ಅದು.

ಬೆಳಿಗ್ಗೆ ಒಂದೇ ಸಲ ಹಾಕಿ, ಎಲ್ಲರೂ ಸಾಲಾಗಿ ಸ್ನಾನ ಮುಗಿಸಿ, ಸ್ವಿಚ್ಚು ಆರಿಸುವ ಮನೆಗೆ ಮೂರು ನಕ್ಷತ್ರಕ್ಕೂ ಐದಕ್ಕೂ ಬಿಲ್ಲಿನಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಪ್ಪ ಐದಕ್ಕೆ, ಮಗಳು ಏಳಕ್ಕೆ, ಅತ್ತೆ ಒಂಬತ್ತಕ್ಕೆ ಸ್ನಾನ ಮಾಡುವ, ದಿನವಿಡೀ ಕೆಂಪು ದೀಪ ಉರಿಯುವ ಮನೆಗೆ ಐದು ನಕ್ಷತ್ರವೇ ಬೇಕು. ಕಂಬಳಿ ಸವೆದ ಹಳೆಯ ಗೀಸರಿನ ಸ್ವಿಚ್ಚನ್ನು ಹಗಲೂ ರಾತ್ರಿ ಹಾಕಿಟ್ಟರೆ ಯಾರೂ ಮೈಗೆ ನೀರು ಹಾಕಿಕೊಳ್ಳದಿದ್ದರೂ ದಿನಕ್ಕೆ ಸುಮಾರು ಒಂದು ಯೂನಿಟ್ ಬಚ್ಚಲ ಗಾಳಿಗೆ ಹೋಗುತ್ತದೆ.

ಎಷ್ಟು ಹೊತ್ತು ಮುಂಚೆ ಹಾಕಬೇಕು? ಎರಡು ಸಾವಿರ ವಾಟಿನ, 15 ಲೀಟರಿನ ಗೀಸರು 60 ಡಿಗ್ರಿಗೆ ಮುಟ್ಟಲು ಇಪ್ಪತ್ತು ನಿಮಿಷ ಸಾಕು. 25 ಲೀಟರಾದರೆ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು. ಐದೂವರೆ ಬಸ್ಸು ಹಿಡಿಯುವವರು ರಾತ್ರಿ ಮಲಗುವಾಗಲೇ ಸ್ವಿಚ್ಚು ಹಾಕುವ ಅಗತ್ಯವೇ ಇಲ್ಲ. ಗಡಿಯಾರದ ಸ್ವಿಚ್ಚು ಅಂದರೆ ಟೈಮರ್ ಈಗ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಗೀಸರಿನ ಹೊರೆ ತಡೆಯುವಂಥದ್ದು ಕೇಳಿ ತರಬೇಕು, ಸಣ್ಣದನ್ನು ತಂದರೆ ಅದೇ ಸುಟ್ಟು ಕೂರುತ್ತದೆ.

ಎರಡು ಸಾವಿರ ವಾಟೆಂದರೆ ಒಂಬತ್ತು ಆಂಪ್ಸ್ ಹತ್ತಿರ. ಟಿ.ವಿ. ಹಾಕುವ 6 ಆಂಪ್ಸಿನ ಸಾಕೆಟ್ಟಿಗೂ ಮೂರು ಕಡೆ ಕವಲೊಡೆದ ಎಕ್ಸ್‌ಟೆನ್ಷನ್ ಬಾಕ್ಸಿಗೂ ಇದನ್ನು ಸಿಕ್ಕಿಸುವುದು ಮನೆಗೆ ಬೆಂಕಿ ಇಟ್ಟುಕೊಂಡಂತೆ. 16 ಆಂಪ್ಸಿನ ಪ್ಲಗ್ಗು, ದಪ್ಪ ವೈರು, ಸರಿಯಾದ ಅರ್ಥಿಂಗು ಮೂರೂ ಇರಬೇಕು. ಹಳೆ ಪೇಟೆಯ ಎಷ್ಟೋ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇರುತ್ತವೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ.

ಎರಡು ನಲ್ಲಿಯ ಊರು

ಗೀಸರುಗಳು ಈ ಊರಲ್ಲಿ ಬೇಗ ಸಾಯುವುದಕ್ಕೆ ಮುಖ್ಯ ಕಾರಣ ನೀರು. ತುಮಕೂರಿನ ಮನೆಗಳಿಗೆ ಎರಡು ನೀರು ಬರುತ್ತದೆ. ಒಂದು ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ. ಇನ್ನೊಂದು ನೆಲದಾಳದ ಬೋರ್‌ವೆಲ್ಲು. ಹೇಮಾವತಿ ನೀರು ಮೆದು. ಬೋರ್ ನೀರು ಕಲ್ಲಿನ ಸಂದಿಯಲ್ಲಿ ಕೂತು ಕೂತು ಸುಣ್ಣ, ಮೆಗ್ನೀಷಿಯಂ ಎಲ್ಲ ಹೀರಿಕೊಂಡು ಗಡುಸಾಗಿರುತ್ತದೆ. ಸೋಪು ನೊರೆ ಬರುವುದಿಲ್ಲ, ಸ್ಟೀಲ್ ಪಾತ್ರೆ ಮೇಲೆ ಬಿಳಿ ಕಲೆ. ತಣ್ಣಗಿರುವವರೆಗೆ ಸುಣ್ಣ ನೀರಿನಲ್ಲಿ ಕರಗಿ ಅಡಗಿರುತ್ತದೆ. ಕಾಯಿಸಿದ ತಕ್ಷಣ ಬೇರೆಯಾಗಿ ಕಾಯಿಲ್ ಮೇಲೆ ಗಾರೆಯಂತೆ ಕೂರುತ್ತದೆ. ನೀರು ಎಷ್ಟು ಬಿಸಿಯೋ ಗಾರೆ ಅಷ್ಟು ಬೇಗ.

ಗಾರೆ ಕಟ್ಟಿದ ಕಾಯಿಲ್‌ನ ಕಾವು ನೀರಿಗೆ ದಾಟುವುದಿಲ್ಲ. ಒಳಗೇ ಕುದಿದು ಕುದಿದು ಒಂದು ದಿನ ಒಡೆಯುತ್ತದೆ. ಒಡೆದ ಕಾಯಿಲ್ ನೀರಿಗೆ ಕರೆಂಟು ಬಿಡುತ್ತದೆ. ಅರ್ಥಿಂಗ್ ಇಲ್ಲದ ಮನೆಯಾದರೆ ಮಗ್ಗಿನಲ್ಲಿ ನೀರು ತುಂಬುವಾಗಲೇ ಗೊತ್ತಾಗುವುದು. ಸುಣ್ಣದ ಲೆಕ್ಕ ಬಿಲ್ಲಿನಲ್ಲಿ ಶುರುವಾಗಿ ಜೀವಕ್ಕೆ ಬಂದು ಮುಟ್ಟುವುದು ಹೀಗೆ.

ಮಾಡಬೇಕಾದ್ದು ಏನು? ಮನೆ ಕಟ್ಟಿಸುವವರು ಎರಡು ನೀರಿಗೂ ಒಂದೇ ಸಂಪು ಮಾಡಿ ಬೆರೆಸದೆ, ಗೀಸರಿನ ಪೈಪನ್ನು ಹೇಮಾವತಿ ಟ್ಯಾಂಕಿಗೆ ಕೊಟ್ಟರೆ ಅರ್ಧ ರೋಗ ಅಲ್ಲೇ ವಾಸಿ. ಪ್ಲಂಬರಿಗೆ ಒಂದು ದಿನದ ಕೆಲಸ. ಥರ್ಮೋಸ್ಟಾಟನ್ನು 60 ಡಿಗ್ರಿ ದಾಟಿಸಬಾರದು. ಕುದಿಯುವ ನೀರು ತೆಗೆದು ಅದಕ್ಕೆ ಮೂರು ಪಾಲು ತಣ್ಣೀರು ಬೆರೆಸುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಬೋರ್ ನೀರೇ ಗತಿ ಎನ್ನುವವರು ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಲೇಬೇಕು. ನೀರು ಕಾಯುವಾಗ ಒಳಗಿಂದ ಕಡಲೆ ಹುರಿದಂತೆ ಚಟಪಟ ಸದ್ದು ಬಂದರೆ ವರ್ಷ ಕಾಯುವುದೂ ಬೇಡ.

ಬಿಚ್ಚಿದಾಗ ಮೆಕ್ಯಾನಿಕ್ಕನ್ನು ಕೇಳಬೇಕಾದ ಇನ್ನೊಂದು ಮಾತಿದೆ, ಹತ್ತರಲ್ಲಿ ಒಂಬತ್ತು ಜನರಿಗೆ ಗೊತ್ತಿಲ್ಲ. ಬಹುಪಾಲು ಗೀಸರುಗಳ ಒಳಗೆ ಮೆಗ್ನೀಷಿಯಂನ ಒಂದು ಕಡ್ಡಿ ಇರುತ್ತದೆ. ಆನೋಡ್ ರಾಡ್ ಎನ್ನುತ್ತಾರೆ. ಅದರ ಕೆಲಸ ಸಾಯುವುದು! ನೀರು ಟ್ಯಾಂಕಿನ ಕಬ್ಬಿಣ ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ಪೂರ್ತಿ ಕರಗಿದ ಮರುದಿನದಿಂದ ಟ್ಯಾಂಕಿನ ಸರದಿ. ಗಡುಸು ನೀರಿನಲ್ಲಿ ಎರಡು ವರ್ಷಕ್ಕೇ ಅದು ಬೆರಳಿನಷ್ಟು ದಪ್ಪದಿಂದ ತಂತಿಯಷ್ಟಕ್ಕೆ ಇಳಿದಿರುತ್ತದೆ. ಹೊಸ ಕಡ್ಡಿಗೆ ಕೆಲವು ನೂರು ರೂಪಾಯಿ, ಹೊಸ ಟ್ಯಾಂಕಿಗೆ ಸಾವಿರಗಳು. “ಟ್ಯಾಂಕ್ ಹೋಗಿದೆ, ಹೊಸದು ತಗೊಳ್ಳಿ” ಎಂದಾಗ ಹಳೆ ಕಡ್ಡಿಯನ್ನು ತೋರಿಸಿ ಎಂದು ಕೇಳಿದರೆ ಕತೆ ತಿಳಿಯುತ್ತದೆ.

ಗೀಸರಿನ ಬುಡದಲ್ಲಿ ಸಣ್ಣ ವಾಲ್ವಿನಿಂದ ಆಗಾಗ ನಾಲ್ಕು ಹನಿ ತೊಟ್ಟಿಕ್ಕುತ್ತವೆ. ಬಚ್ಚಲು ಒದ್ದೆಯಾಗುತ್ತದೆ ಎಂದು ಕೆಲವರು ಅದಕ್ಕೆ ಎಂಸೀಲ್ ಮೆತ್ತುತ್ತಾರೆ. ಬುದ್ಧಿವಂತಿಕೆಯ ಪರಮಾವಧಿ. ಒಳಗಿನ ಒತ್ತಡ ಹೊರಗೆ ಹೋಗುವ ದಾರಿಯೇ ಅದು. ಕುಕ್ಕರಿನ ಸೇಫ್ಟಿ ವಾಲ್ವಿಗೆ ಸಿಮೆಂಟು ತುಂಬಿ ಬೇಳೆ ಬೇಯಿಸುತ್ತಾರೆಯೇ?

ರಾಡಿನ ಸಂಗತಿ

ಎಸ್.ಎಸ್. ಪುರಂ, ಅಶೋಕನಗರದ ಕಡೆ ರೂಮು ಮಾಡಿಕೊಂಡಿರುವ ಹುಡುಗರಿಗೆ ರಾಡೇ ಗತಿ. ರಾಡು ಕರೆಂಟು ಕುಡಿಯುತ್ತದೆ ಎಂದು ಮನೆ ಓನರುಗಳು ಬೈಯುತ್ತಾರೆ. ಅದು ಪೂರ್ತಿ ನಿಜವಲ್ಲ. ರಾಡಿಗೆ ಹೋದ ಕರೆಂಟಿನ ಬಹುಪಾಲು ನೇರ ನೀರಿಗೇ ಹೋಗುತ್ತದೆ. 1500 ವಾಟಿನ ರಾಡು ಒಂದು ಬಕೆಟ್ಟನ್ನು ಇಪ್ಪತ್ತು ನಿಮಿಷದಲ್ಲಿ ಕಾಯಿಸುತ್ತದೆ, ಗೀಸರಿನಷ್ಟೇ ಖರ್ಚು. ರಾಡಿನ ತೊಂದರೆ ದುಡ್ಡಿನದಲ್ಲ, ಮರೆವಿನದು. ಮೊಬೈಲ್ ನೋಡುತ್ತಾ ಕೂತರೆ ನೀರು ಕುದಿದು ಆವಿಯಾಗುತ್ತದೆ, ಬಕೆಟ್ ಕರಗುತ್ತದೆ. ಸ್ವಿಚ್ಚು ಹಾಕಿದ ಮೇಲೆ ಬೆರಳಿಟ್ಟು ಬಿಸಿ ನೋಡುವವರು ಇನ್ನೂ ಇದ್ದಾರೆ ಎಂದರೆ ಆಶ್ಚರ್ಯ.

ಮೊದಲು ರಾಡು ನೀರಿಗೆ, ಆಮೇಲೆ ಸ್ವಿಚ್ಚು. ತೆಗೆಯುವಾಗ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ಕೈ. ಕಬ್ಬಿಣದ ಬಕೆಟ್ ಬೇಡವೇ ಬೇಡ. ರಾಡಿನ ಮೇಲೆ ಬಿಳಿ ಕವಚ ಕಟ್ಟಿದರೆ ಚಾಕುವಿನಿಂದ ಕೆರೆಯಬೇಡಿ. ಪ್ಲಗ್ಗು ಕಿತ್ತು, ಕಾಯಿಲ್ ಮಾತ್ರ ಮುಳುಗುವಂತೆ ಹುಣಸೆ ಹುಳಿ ನೀರಿನಲ್ಲೋ ನಿಂಬೆ ಉಪ್ಪು ಕದಡಿದ ನೀರಿನಲ್ಲೋ ಒಂದು ರಾತ್ರಿ ಅದ್ದಿಟ್ಟರೆ ತಾನೇ ಬಿಡುತ್ತದೆ. ಕರೆಂಟು ಸೋರಿದ ಕ್ಷಣಾರ್ಧದಲ್ಲಿ ಲೈನು ಕತ್ತರಿಸುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಮೀಟರ್ ಬೋರ್ಡಿನ ಪಕ್ಕ ಹಾಕಿಸಿದರೆ ರಾಡು, ಗೀಸರು, ಮಿಕ್ಸಿ ಎಲ್ಲಕ್ಕೂ ಒಂದೇ ಕಾವಲು. ಒಂದು ಹೊಸ ಗೀಸರಿಗಿಂತ ಕಡಿಮೆ ಖರ್ಚು.

ಮಾಳಿಗೆ ಮೇಲಿನ ಹೆಣ

ಇದೇ ಜಿಲ್ಲೆಯ ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಲೋಕವೆಲ್ಲ ನೋಡಲು ಬಂತು. ಅತ್ತ ಜಿಲ್ಲಾ ಕೇಂದ್ರದ ತಾರಸಿಗಳ ಮೇಲೆ ಹತ್ತಿ ನೋಡಿದರೆ ಗಾಜು ಒಡೆದ, ಧೂಳು ಕೂತ, ಪಾರಿವಾಳ ಗೂಡು ಕಟ್ಟಿದ ಸೋಲಾರ್ ಹೀಟರುಗಳು! ಕೆಳಗೆ ಬಚ್ಚಲಲ್ಲಿ ಗೀಸರು ಉರಿಯುತ್ತಿರುತ್ತದೆ.

2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆಗೆ ಮೇಲ್ಪಟ್ಟ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯೂ ಬಂತು. ಬಹಳ ಜನ ಹಾಕಿಸಿದ್ದು ಬಿಸಿ ನೀರಿಗಲ್ಲ, ಕನೆಕ್ಷನ್ನಿಗೆ. ಕನೆಕ್ಷನ್ ಸಿಕ್ಕಿತು, ಮೇಲೆ ಹತ್ತಿ ನೋಡುವ ಕೆಲಸ ಮುಗಿಯಿತು.

ಸೋಲಾರಿನಲ್ಲಿ ಎರಡು ಜಾತಿ. ತಾಮ್ರದ ಸಣ್ಣ ಪೈಪುಗಳ ಮೇಲೆ ಕರಿ ತಗಡು ಹೊದಿಸಿ ಗಾಜು ಮುಚ್ಚಿದ್ದು ಒಂದು. ಉದ್ದನೆಯ ಗಾಜಿನ ಕೊಳವೆಗಳ ಸಾಲು ಇನ್ನೊಂದು. ಮೊದಲನೆಯದು ಗಟ್ಟಿಮುಟ್ಟು, ಮೆದು ನೀರಿದ್ದರೆ ಹತ್ತಾರು ವರ್ಷ ಬರುತ್ತದೆ. ಬೋರ್ ನೀರು ಬಿಟ್ಟರೆ ಆ ಸಣ್ಣ ಪೈಪುಗಳು ಒಂದೊಂದಾಗಿ ಕಟ್ಟಿಕೊಂಡು ಕೂರುತ್ತವೆ. ಎರಡನೆಯದರ ಕೊಳವೆ ಅಗಲ, ಸುಣ್ಣವನ್ನು ಹೆಚ್ಚು ದಿನ ತಡೆಯುತ್ತದೆ, ತೊಳೆಯುವುದೂ ಸುಲಭ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಟ್ಯಾಂಕು ಬರಿದಾಗಿ, ಕಾದ ಖಾಲಿ ಕೊಳವೆಗೆ ದಿಢೀರನೆ ತಣ್ಣೀರು ಬಿಟ್ಟರೆ ಚಟ್ ಎಂದು ಸೀಳುತ್ತದೆ. ನೀರು ಎರಡು ದಿನ ಬಾರದ ಬಡಾವಣೆಯವರು ಇದನ್ನು ನೆನಪಿಡಬೇಕು. ಒಟ್ಟಿನಲ್ಲಿ ಬೋರ್ ನೀರಿನ ಮನೆಗೆ ಕೊಳವೆಯದು, ಹೇಮಾವತಿ ಮನೆಗೆ ತಾಮ್ರದ್ದು. ಅಂಗಡಿಯವರು ಯಾವುದು ಸ್ಟಾಕಿದೆಯೋ ಅದನ್ನೇ ಹೊಗಳುತ್ತಾರೆ, ಅದು ಅವರ ಧರ್ಮ.

ಗಾಜು ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ. ಟ್ಯಾಂಕಿನ ನೆತ್ತಿ ಮೇಲೆ ಬಾಗಿದ ಗಾಳಿ ಪೈಪು ಮುಚ್ಚಿಹೋಗಿಲ್ಲವೇ ನೋಡಬೇಕು. ಮುಚ್ಚಿದರೆ ಟ್ಯಾಂಕು ಉಬ್ಬುತ್ತದೆ ಅಥವಾ ಒಳಕ್ಕೆ ಕುಸಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಹೀಟರಿನ ಮುಂದೆ ಪಕ್ಕದ ಮನೆಯ ಎರಡನೇ ಮಹಡಿ ಎದ್ದಿದ್ದರೆ ಜಾಗ ಬದಲಿಸದೆ ದಾರಿಯಿಲ್ಲ. ತಾಮ್ರದ ಪೈಪಿನ ಸುಣ್ಣ ತೆಗೆಯಲು ಕಕ್ಕಸು ತೊಳೆಯುವ ಆಸಿಡ್ಡನ್ನೇ ಹುಯ್ಯುವವರಿದ್ದಾರೆ. ಸುಣ್ಣದ ಜೊತೆ ತಾಮ್ರವೂ ಹೋಗುತ್ತದೆ. ಲೋಹ ತಿನ್ನದಂತೆ ಮದ್ದು ಬೆರೆಸಿದ ದ್ರಾವಣ ಬೇರೆ ಇದೆ, ಅದನ್ನು ತಿಳಿದವರಿಂದ ಮಾಡಿಸಬೇಕು.

ಸೋಲಾರ್ ಇದ್ದೂ ಬಿಲ್ಲು ಇಳಿಯಲಿಲ್ಲ ಎನ್ನುವವರು ಒಂದು ಸ್ವಿಚ್ಚನ್ನು ಹುಡುಕಲಿ. ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ಒಂದು ಕಾಯಿಲ್ ಇಟ್ಟಿರುತ್ತಾರೆ. ಶ್ರಾವಣದಲ್ಲಿ ಹಾಕಿದ್ದು ಆರಿಸಲು ಮರೆತು ಸಂಕ್ರಾಂತಿವರೆಗೆ ಉರಿಯುತ್ತಿರುತ್ತದೆ. ನೂರು ಲೀಟರನ್ನು 60 ಡಿಗ್ರಿಗೆ ತರಲು ನಾಲ್ಕೂವರೆ ಯೂನಿಟ್ ಬೇಕು. ಸಂಜೆ ನೀರು ಖರ್ಚಾದರೆ ರಾತ್ರಿಯೇ ಅದು ಮತ್ತೆ ಕಾಯಿಸಿಡುತ್ತದೆ, ಬೆಳಿಗ್ಗೆ ಸೂರ್ಯ ಬಂದಾಗ ಅವನಿಗೆ ಕೆಲಸವೇ ಇರುವುದಿಲ್ಲ. ತಾರಸಿಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು ಹದಿನೈದು ಮೀಟರಿದ್ದರೆ ಬಿಸಿ ನೀರು ಬರುವ ಮುಂಚೆ ನಾಲ್ಕು ಲೀಟರು ತಣ್ಣೀರು ಹರಿಯುತ್ತದೆ. ಅದನ್ನು ಚರಂಡಿಗೆ ಬಿಡದೆ ಬಕೆಟ್ಟಿಗೆ ಹಿಡಿಯುವುದು ಗೃಹಿಣಿಯರಿಗೆ ಗೊತ್ತು, ಗಂಡಸರಿಗೆ ಗೊತ್ತಿಲ್ಲ.

ಸಹಾಯಧನದ ಬಗ್ಗೆ ಒಂದು ಗೊಂದಲ. ನೀರಿನ ಹೀಟರಿಗೆ ಕೇಂದ್ರ ಕೊಡುತ್ತಿದ್ದ ಸಬ್ಸಿಡಿ 2014ರಲ್ಲೇ ನಿಂತಿದೆ. 2024ರಲ್ಲಿ ಬಂದ ಸೂರ್ಯ ಘರ್ ಯೋಜನೆ ಕರೆಂಟು ಮಾಡುವ ಪ್ಯಾನೆಲ್ಲಿನದು. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವವರು ಮನೆಬಾಗಿಲಿಗೆ ಬಂದರೆ ಕಾಗದ ನೋಡದೆ ಅಡ್ವಾನ್ಸು ಕೊಡಬಾರದು.

ತೋಟದ ಮನೆಗೆ ಹಂಡೆಯೇ ಸರಿ

ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟದ ಮನೆಯವರು ಗೀಸರಿಗೆ ಯಾಕೆ ದುಡ್ಡು ಸುರಿಯುತ್ತಾರೋ! ಮಟ್ಟೆ, ಕರಟ, ಎಡೆಮಟ್ಟೆ, ಒಣ ಗರಿ ಹಿತ್ತಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಅವರಿಗೆ ಹಂಡೆಯೇ ಸರಿ. ಸರಿಯಿಲ್ಲದ್ದು ಒಲೆ.

ಒಂದು ಕೆಜಿ ಒಣ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ಕರೆಂಟಿನಷ್ಟು ಕಾವಿದೆ. ಬಕೆಟ್ಟಿಗೆ ಬೇಕಾದ್ದು ಅರ್ಧ ಯೂನಿಟ್. ಲೆಕ್ಕದ ಪ್ರಕಾರ 125 ಗ್ರಾಂ, ಒಂದು ಹಿಡಿ ಪುಳ್ಳೆ ಸಾಕು. ಆದರೆ ಮೂರು ಕಲ್ಲಿನ ಒಲೆಯಲ್ಲಿ ಅದರ ಹಲವು ಪಟ್ಟು ಉರಿಯುತ್ತದೆ, ಉಳಿದದ್ದೆಲ್ಲ ಆಕಾಶಕ್ಕೆ. ಇದನ್ನು ಕೂತು ಲೆಕ್ಕ ಹಾಕಿದ ಕೆಲಸ ಇದೇ ಜಿಲ್ಲೆಯಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಅವರು ಹಳ್ಳಿಯ ಕೆಲಸಕ್ಕೆ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ. ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಸೌದೆ ತೂಗಿ ನೋಡಿದಾಗ ಅಡುಗೆಯ ನಂತರ ಹೆಚ್ಚು ಸೌದೆ ತಿನ್ನುತ್ತಿದ್ದದ್ದು ಸ್ನಾನದ ನೀರು. 80ರ ದಶಕದಲ್ಲಿ ಹೊರಬಂದ ಅಸ್ತ್ರ ಒಲೆಯ ಗುಟ್ಟು ಸರಳ. ಬೆಂಕಿಯ ಸುತ್ತ ಗೋಡೆ, ಕೆಳಗೆ ಜಾಲರಿ, ಜಾಲರಿಯ ತಳದಿಂದ ಗಾಳಿ, ಬಿಸಿ ಹೊಗೆ ಪಾತ್ರೆಯನ್ನು ಸವರಿಕೊಂಡೇ ಹೋಗುವಂಥ ಕಿರಿದಾದ ದಾರಿ, ಕೊನೆಗೆ ಚಿಮಣಿ. ಹಂಡೆ ಒಲೆಗೂ ಇದೇ ಸೂತ್ರ. ತಿಳಿದ ಗಾರೆಯವನಿಗೆ ಒಂದೆರಡು ದಿನದ ಕೆಲಸ. ಹಂಡೆಯ ಬಾಯಿಗೆ ಮುಚ್ಚಳ, ಸೌದೆ ಚೆನ್ನಾಗಿ ಒಣಗಿದ್ದು, ಚಿಮಣಿಯ ಮಸಿಗೆ ಮೂರು ತಿಂಗಳಿಗೊಮ್ಮೆ ಕೋಲು. ಹಸಿ ಮಟ್ಟೆ ತುರುಕಿದರೆ ಬೆಂಕಿಯ ಕಾವು ಮಟ್ಟೆಯೊಳಗಿನ ನೀರನ್ನು ಕಾಯಿಸುವುದರಲ್ಲೇ ಮುಗಿಯುತ್ತದೆ, ಮನೆಯಾಕೆಯ ಕಣ್ಣಲ್ಲೂ ನೀರು.

ಚಿಲಕ ಹಾಕಿದ ಬಾಗಿಲ ಹಿಂದೆ

ಗ್ಯಾಸ್ ಗೀಸರಿನ ಅಪಾಯದ ಮಾತು ಬಾಕಿ ಇತ್ತು. ಸಣ್ಣ ಬಚ್ಚಲು, ಚಳಿ ಎಂದು ಕಿಟಕಿ ಬಿಗಿಯಾಗಿ ಮುಚ್ಚಿದೆ, ಒಳಗೇ ಗ್ಯಾಸ್ ಗೀಸರು. ಉರಿ ಬಚ್ಚಲಿನ ಆಮ್ಲಜನಕ ತಿನ್ನುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಉರಿಯೂ ಇಲ್ಲ. ತಲೆ ಭಾರ, ಸ್ವಲ್ಪ ಸುತ್ತು, ಬಿಸಿ ನೀರಿನ ಹಿತ ಎಂದುಕೊಳ್ಳುವಷ್ಟರಲ್ಲಿ ಕಾಲು ಸೋಲುತ್ತದೆ. ಚಿಲಕ ಒಂದೇ ಮಾರು ದೂರದಲ್ಲಿರುತ್ತದೆ, ಕೈ ಎತ್ತಲಾಗುವುದಿಲ್ಲ. ಬೆಂಗಳೂರು ಸೇರಿ ರಾಜ್ಯದ ಊರು ಊರುಗಳಿಂದ ಇಂಥ ಸಾವಿನ ಸುದ್ದಿ ಬರುತ್ತಲೇ ಇದೆ. ಸತ್ತವರಲ್ಲಿ ಎಳೆಯರೂ ಹೊಸದಾಗಿ ಮದುವೆಯಾದವರೂ ಇದ್ದಾರೆ.

ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಸಿಲಿಂಡರೂ ಹೊರಗೆ. ಬಿಸಿ ನೀರಿನ ಪೈಪು ಮಾತ್ರ ಒಳಗೆ. ಈಗಾಗಲೇ ಒಳಗಿದ್ದರೆ ಜಾಗ ಬದಲಿಸುವ ತನಕ ಬಕೆಟ್ಟಿಗೆ ನೀರು ಹಿಡಿದು, ಗೀಸರು ಆರಿಸಿ, ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನ. ವೆಂಟಿಲೇಟರಿಗೆ ರಟ್ಟು ತುರುಕುವುದು ಇವತ್ತೇ ನಿಲ್ಲಲಿ. ಒಳಗಿದ್ದವರು ಕೂಗಿದರೆ ಓಗೊಡದಿದ್ದರೆ ಬಾಗಿಲು ಒಡೆಯಲು ಯೋಚಿಸಬಾರದು. ಮೊದಲು ಹೊರಗೆ ಗಾಳಿಗೆ ಎಳೆದು ತರಬೇಕು, ಗ್ಯಾಸು ಆರಿಸಬೇಕು, 108ಕ್ಕೆ ಫೋನು.

ಬಾಣಂತಿ ಕೋಣೆಗೂ ಇದೇ ಮಾತು. ಮಗುವಿಗೆ ಚಳಿಯಾಗದಿರಲಿ ಎಂದು ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವ ಪದ್ಧತಿ ಹಳ್ಳಿಗಳಲ್ಲಿದೆ. ಹೆಂಚಿನ ಮನೆಯಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು, ನಡೆದುಹೋಯಿತು. ಆರ್‌ಸಿಸಿ ಮನೆಯ ಬಿಗಿಯಾದ ಕೋಣೆಯಲ್ಲಿ ಕೆಂಡವೂ ಅದೇ ವಿಷ ಬಿಡುತ್ತದೆ. ಮಲಗುವ ಮುಂಚೆ ಕೆಂಡ ಹೊರಗೆ ಹೋಗಲೇಬೇಕು, ದಪ್ಪ ಕಂಬಳಿ ಒಳಗೆ ಬರಲಿ.

ಬಾಡಿಗೆ ಮನೆಯ ತಕರಾರು

ಇಷ್ಟೆಲ್ಲ ಹೇಳಿದರೂ ಊರಿನ ಅರ್ಧ ಜನ ಬಾಡಿಗೆ ಮನೆಯಲ್ಲಿದ್ದಾರಲ್ಲ, ಅವರ ಪಾಡೇನು? ಗೀಸರು ಹಾಕಿಸುವುದು ಓನರು, ಬಿಲ್ಲು ಕಟ್ಟುವುದು ಬಾಡಿಗೆಯವರು. ಓನರಿಗೆ ಅಗ್ಗದ್ದಾದರೆ ಸಾಕು, ಬಾಡಿಗೆಯವರಿಗೆ ಇನ್ನೊಬ್ಬರ ಗೀಸರು ತೊಳೆಸುವ ಉಮೇದಿಲ್ಲ. ನಡುವೆ ಸುಣ್ಣ ಬೆಳೆಯುತ್ತದೆ. ಸೋಲಾರಂತೂ ಮೇಲಿನ ಮಹಡಿಯ ಓನರ್ ಮನೆಗೆ ಮಾತ್ರ.

ಕರಾರು ಪತ್ರದಲ್ಲಿ ಸುಣ್ಣ ಬಳಿಸುವುದು ಯಾರ ಖರ್ಚು ಎಂದು ಬರೆಸುತ್ತಾರೆ, ಗೀಸರಿನ ಸುಣ್ಣ ತೆಗೆಸುವುದು ಯಾರ ಖರ್ಚು ಎಂದೂ ಒಂದು ಸಾಲು ಬರೆಸಲಿ. ಅರ್ಥಿಂಗ್ ಇದೆಯೇ ಎಂದು ಮನೆ ನೋಡಲು ಹೋದ ದಿನವೇ ಕೇಳಲಿ. ಅದು ಓನರು ಮಾಡಿಕೊಡಬೇಕಾದ್ದು, ಉಪಕಾರವಲ್ಲ. ಗ್ಯಾಸ್ ಗೀಸರು ಬಚ್ಚಲ ಒಳಗಿರುವ ಮನೆಯಾದರೆ ಅಡ್ವಾನ್ಸ್ ಕೊಡುವ ಮುಂಚೆ ಅದನ್ನು ಹೊರಗೆ ಹಾಕಿಸಿಕೊಳ್ಳಲಿ. ಅಡ್ವಾನ್ಸ್ ಕೈಗೆ ಬಿದ್ದ ಮೇಲೆ ಪ್ಲಂಬರು ಸಿಗುತ್ತಿಲ್ಲ ಎಂದು ಹೇಳುವ ಓನರುಗಳು ಈ ಊರಲ್ಲಿ ಬೇಕಾದಷ್ಟಿದ್ದಾರೆ.